ಆರು ಐವತ್ತೆರಡರ ಪೋಸ್ಟ್

"ಸಾವಿರದ ಹದಿಮೂರಾ? ಸಾಧ್ಯವೇ ಇಲ್ಲ," ಎಂದು ನೈರಿ ತನ್ನ ಲ್ಯಾಪ್‌ಟಾಪಿಗೇ ಹೇಳಿದಳು.

ನಿನ್ನೆ, ಅಂದರೆ ಮಂಗಳವಾರ ಬೆಳಿಗ್ಗೆ, ಕರೋರೋ ಬೇ ಎಂಬ ಆ ಕಡಲತೀರದ ಊರಿನಲ್ಲಿ ದಕ್ಷಿಣದ ಗಾಳಿ ಎಷ್ಟು ಜೋರಾಗಿ ಬೀಸಿತ್ತೆಂದರೆ ಅವಳ ಕ್ಯಾರವಾನಿನ ತಗಡು ಹಾರಿಹೋಗಿ ಪಕ್ಕದ ಮನೆಯ ಕೋಳಿಗೂಡಿನ ಮೇಲೆ ಕೂತಿತ್ತು. ಅಂಥ ದಿನ ಬ್ಯಾರೋಮೀಟರಿನ ಮುಳ್ಳು ಪಾತಾಳಕ್ಕೆ ಇಳಿದಿರಬೇಕು. ಆದರೆ ಊರಿನ ಮುದುಕ ಆರ್ಚಿ ಮ್ಯೂರ್‌ನ ಹವಾಮಾನದ ಬ್ಲಾಗಿನಲ್ಲಿ, ಆ ಬೆಳಿಗ್ಗೆ ಆರು ಗಂಟೆ ಐವತ್ತೆರಡು ನಿಮಿಷಕ್ಕೆ ಬಂದ ಪೋಸ್ಟಿನಲ್ಲಿ, ಗಾಳಿಯ ಒತ್ತಡ 1013 ಎಂದಿತ್ತು. ಅದು ಹೊರಗೆ ಬಟ್ಟೆ ಒಣಹಾಕುವ ದಿನದ ಅಂಕಿ.

ಅಂಕಿಗಳ ಕೆಳಗೆ ಆರ್ಚಿಯ ಮಾಮೂಲಿ ಸಾಲು: "ನೀರುಕಾಗೆಗಳು ಎಂಟು. ಮಂಡಿನೋವು ಹಾಗೇ ಇದೆ."

ಊರಿನವರೆಲ್ಲ ಆ ಬ್ಲಾಗನ್ನು ಓದುತ್ತಿದ್ದುದು ಈ ಕೊನೆಯ ಸಾಲಿಗಾಗಿ. ಮೇಲಿನ ಅಂಕಿಗಳನ್ನು ಯಾರೂ ನೋಡುತ್ತಿರಲಿಲ್ಲ. ಪೊಲೀಸರೂ ನೋಡಿರಲಿಲ್ಲ. ಸತ್ಯ ಹೇಳಬೇಕೆಂದರೆ, ಈ ಹೊತ್ತಿನವರೆಗೆ ನೈರಿಯೂ ನೋಡಿರಲಿಲ್ಲ.

ಆ ಒಂದು ಪೋಸ್ಟಿನಿಂದಲೇ ಅವಳ ಅಣ್ಣ ರಾವಿರಿ ಈಗ ಪೊಲೀಸರ ಲಾಕಪ್ಪಿನಲ್ಲಿದ್ದ.

ಆರ್ಚಿಯ ಶವ ಮಂಗಳವಾರ ಮಧ್ಯಾಹ್ನ ಅವನ ಮನೆಯ ಕೆಳಗಿನ ಕಲ್ಲುಮೆಟ್ಟಿಲಿನ ಬುಡದಲ್ಲಿ, ಕಡಲಪಾಚಿಯ ನಡುವೆ ಸಿಕ್ಕಿತ್ತು. ತಲೆಯ ಹಿಂದೆ ಪೆಟ್ಟು. ಕೊರೆಯುವ ನೀರಲ್ಲಿ ಬಿದ್ದ ದೇಹ, ಸೋಮವಾರ ಮಧ್ಯಾಹ್ನದಿಂದ ಮಂಗಳವಾರ ಬೆಳಗಿನ ತನಕ ಯಾವಾಗ ಬೇಕಾದರೂ ಪ್ರಾಣ ಹೋಗಿರಬಹುದು ಎಂದಿದ್ದರು ಡಾಕ್ಟರು. ಸೋಮವಾರ ಇಡೀ ದಿನ, ಇಡೀ ರಾತ್ರಿ ರಾವಿರಿ ಮೂರು ಗಂಟೆ ದಾರಿಯಾಚೆಯ ಬ್ಲಫ್ ಊರಿನ ಮರಾಯೆಯಲ್ಲಿ, ಅಂದರೆ ಕುಲದವರ ಸಭಾಮನೆಯಲ್ಲಿದ್ದ. ದೊಡ್ಡಮ್ಮನ ಮಣ್ಣು. ಇನ್ನೂರು ಜನ ನೆಂಟರ ಕಣ್ಣೆದುರಿಗೆ ಅಡುಗೆಮನೆಯಲ್ಲಿ ದುಡಿದು, ಸಾಲಾಗಿ ಹಾಸಿದ ಹಾಸಿಗೆಯಲ್ಲಿ ಎಲ್ಲರ ನಡುವೆ ಮಲಗಿ, ಬೆಳಗಿನ ಜಾವ ನಾಲ್ಕಕ್ಕೆ ಹೊರಟಿದ್ದ.

ಏಳೂ ಕಾಲಿಗೆ ಅವನ ಪಿಕಪ್ಪು ಆರ್ಚಿಯ ಮೆಟ್ಟಿಲ ಬಳಿ ನಿಂತಿದ್ದನ್ನು ಇಬ್ಬರು ಕಂಡಿದ್ದರು.

ಅದೂ ಅಲ್ಲದೆ ಶುಕ್ರವಾರವಷ್ಟೇ ಪಬ್ಬಿನಲ್ಲಿ ಇಬ್ಬರಿಗೂ ಜಗಳವಾಗಿತ್ತು. ರಾವಿರಿಯದು ಸಮುದ್ರದಲ್ಲಿ ಮುಳುಗಿ ಪಾವಾ ಚಿಪ್ಪು ಕೀಳುವ ಕಸುಬು. ಯಾರೋ ಲೆಕ್ಕ ಮೀರಿ ಪಾವಾ ಕೀಳುತ್ತಿದ್ದಾರೆಂದು ಆರ್ಚಿ ಬ್ಲಾಗಿನಲ್ಲಿ ಬರೆದಿದ್ದ. "ಯಾರೋ ಅಂದ್ರೆ ಯಾರು, ಹೆಸರು ಹೇಳು ಮುದುಕಾ," ಎಂದು ರಾವಿರಿ ಮೇಜು ಗುದ್ದಿದ್ದು ಅರ್ಧ ಊರಿಗೆ ಕೇಳಿಸಿತ್ತು.

ಆರು ಐವತ್ತೆರಡಕ್ಕೆ ಮುದುಕ ಬದುಕಿದ್ದ, ಏಳೂ ಕಾಲಿಗೆ ರಾವಿರಿ ಬಂದ, ಮಧ್ಯಾಹ್ನಕ್ಕೆ ಹೆಣ ಸಿಕ್ಕಿತು. ಪೊಲೀಸರ ಲೆಕ್ಕ ಇಷ್ಟು ಸಲೀಸು. ನಾಳೆ ಬೆಳಿಗ್ಗೆ ಹತ್ತಕ್ಕೆ ಡನೀಡನ್ ಕೋರ್ಟು. ರಾವಿರಿಯಾದರೋ ಬಾಯಿಗೆ ಬೀಗ ಹಾಕಿ ಕೂತಿದ್ದ. ಅಷ್ಟು ಬೆಳಿಗ್ಗೆ ಅಲ್ಲಿಗೆ ಯಾಕೆ ಹೋದೆ ಎಂದು ಕೇಳಿದರೆ ವಕೀಲರಿಗೂ ಉತ್ತರವಿಲ್ಲ.

ಆದರೆ ಆ ಪೋಸ್ಟು ಸುಳ್ಳಾದರೆ? ಆಗ ಸಾವು ಸೋಮವಾರಕ್ಕೆ ಸರಿಯುತ್ತದೆ, ಅಣ್ಣ ಮನೆಗೆ ಬರುತ್ತಾನೆ.

ನೈರಿ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

ಅಮ್ಮನ ಹಿತ್ತಿಲಲ್ಲಿ ನಿಂತ ಈ ಕ್ಯಾರವಾನೇ ಅವಳ ಆಫೀಸು. ಮೋಟೆಲ್‌ಗಳಿಗೆ, ನಾಯಿ ಡಾಕ್ಟರಿಗೆ, ಗಾಲ್ಫ್ ಕ್ಲಬ್ಬಿಗೆ ವೆಬ್‌ಸೈಟ್ ಕಟ್ಟಿಕೊಡುವುದು ಹೊಟ್ಟೆಪಾಡು. ಸಿಕ್ಕಸಿಕ್ಕ ಬ್ಲಾಗ್ ಟೂಲ್‌ಗಳನ್ನು ಬಿಚ್ಚಿ, ಜೋಡಿಸಿ, ಕೆಡಿಸಿ, ಆ ಕಥೆಯನ್ನೆಲ್ಲ ತನ್ನ ಬ್ಲಾಗಿನಲ್ಲಿ ಬರೆಯುವುದು ಹುಚ್ಚು. ಆ ಬ್ಲಾಗಿಗೆ ಓದುಗರು ಹನ್ನೊಂದು ಮಂದಿ. ಅದರಲ್ಲಿ ಒಬ್ಬಳು ಅವಳೇ.

ಆರ್ಚಿಯ ಬ್ಲಾಗೂ ಅವಳದೇ ಪ್ರಯೋಗ. ಮುದುಕನ ಶೆಡ್ಡಿನಲ್ಲಿ ಅಂಗೈಯಗಲದ ಒಂದು ಕಂಪ್ಯೂಟರ್ ಇಟ್ಟಿದ್ದಳು. ಅದು ಐದು ನಿಮಿಷಕ್ಕೊಮ್ಮೆ ಗಾಳಿ, ಮಳೆ, ಒತ್ತಡ ಅಳೆದು ಇಟ್ಟುಕೊಳ್ಳುತ್ತಿತ್ತು. ಬೆಳಿಗ್ಗೆ ಆರ್ಚಿ ತನ್ನ ಒಂದು ಸಾಲು ಟೈಪು ಮಾಡಿ ಗುಂಡಿ ಒತ್ತಿದರೆ ಅಂಕಿಗಳೂ ಸಾಲೂ ಒಟ್ಟಿಗೆ ಬ್ಲಾಗಿಗೆ ಹೋಗುತ್ತಿದ್ದವು.

ಹೋಗುತ್ತಿದ್ದುದು ಒಂದು ಕಿಂಡಿಯ ಮೂಲಕ. ಒಂದು ಯಂತ್ರ ಇನ್ನೊಂದು ಯಂತ್ರಕ್ಕೆ ಚೀಟಿ ಕೊಡುವ ಆ ಕಿಂಡಿಗೆ ಈ ಕಸುಬಿನವರು ಎಪಿಐ ಎನ್ನುತ್ತಾರೆ. ನಲವತ್ತು ಅಕ್ಷರದ ಒಂದು ಗುಟ್ಟಿನ ಕೀಲಿ ಇರುತ್ತದೆ. ಕೀಲಿ ಸರಿಯಿದ್ದರೆ ಕಿಂಡಿ ಚೀಟಿ ತೆಗೆದುಕೊಳ್ಳುತ್ತದೆ, ತಂದವರ ಮುಖ ನೋಡುವುದಿಲ್ಲ.

ನೈರಿ ಮೊದಲು ಶೆಡ್ಡಿನ ಕಂಪ್ಯೂಟರನ್ನು ಕೇಳಿದಳು. ಮಂಗಳವಾರ ಆರು ಐವತ್ತಕ್ಕೆ ಒತ್ತಡವೆಷ್ಟು?

988, ಎಂದಿತು ಅದು.

ಶೆಡ್ಡು 988 ಎನ್ನುತ್ತದೆ, ಪೋಸ್ಟು 1013 ಎನ್ನುತ್ತದೆ. ಹಾಗಾದರೆ ಪೋಸ್ಟು ಶೆಡ್ಡಿನಿಂದ ಹೋಗಿಲ್ಲ. ಮತ್ತೆ ಎಲ್ಲಿಂದ ಹೋಯಿತು?

ಪುಟದ ಮೇಲೆ ಕಾಣದ, ಆದರೆ ಕಿಂಡಿಯಲ್ಲಿ ಕೇಳಿದರೆ ಸಿಗುವ ಒಂದು ವಿವರವಿತ್ತು. ಪ್ರತಿ ಪೋಸ್ಟಿನ ಬೆನ್ನಿಗೆ ಒಂದು ಲೇಬಲ್ ಅಂಟಿರುತ್ತದೆ. ಇದನ್ನು ಕಳಿಸಿದ್ದು ಯಾವ ಯಂತ್ರ ಎಂಬ ಗುರುತು. ಅವಳು ಕಳೆದ ಹತ್ತು ದಿನದ ಪೋಸ್ಟುಗಳ ಲೇಬಲ್ ಕೇಳಿದಳು. ಪಟ್ಟಿ ಬಂತು. ಆರ್ಚಿ-ಶೆಡ್, ಆರ್ಚಿ-ಶೆಡ್, ಆರ್ಚಿ-ಶೆಡ್. ಸೋಮವಾರವೂ ಆರ್ಚಿ-ಶೆಡ್.

ಮಂಗಳವಾರದ ಪೋಸ್ಟಿನ ಮುಂದೆ ಪ್ರಯೋಗ-7 ಎಂದಿತ್ತು.

ಅದು ಅವಳದೇ ಹೆಸರು. ಅವಳೇ ಇಟ್ಟದ್ದು. ನೈರಿಗೆ ಹೆದರಿಕೆಯಾಯಿತು, ಆದರೆ ಕೈ ನಿಲ್ಲಲಿಲ್ಲ. ಹೆದರಿಕೆಗಿಂತ ಕುತೂಹಲ ಒಂದು ಹೆಜ್ಜೆ ಮುಂದಿರುವುದು ಅವಳ ಹುಟ್ಟುಗುಣ.

ತನ್ನ ಬ್ಲಾಗು ತೆರೆದಳು. ಏಳನೆಯ ಪ್ರಯೋಗ, "ಹವಾಮಾನವನ್ನು ನಿಮ್ಮ ಬ್ಲಾಗಿಗೆ ನೀವೇ ಕಳಿಸಿ." ಅದರಲ್ಲಿ ಓದುಗರು ನಕಲು ಮಾಡಿಕೊಳ್ಳಲೆಂದು ಇಪ್ಪತ್ತು ಸಾಲಿನ ಮಾದರಿ ಕೋಡ್ ಹಾಕಿದ್ದಳು. ಒತ್ತಡದ ಜಾಗದಲ್ಲಿ ಸುಮ್ಮನೆ ಒಂದು ಅಂಕಿ ತುಂಬಿದ್ದಳು: 1013.

ಅದರ ಕೆಳಗೆ ಕೀಲಿಯ ಜಾಗ. ಅಲ್ಲಿ "ನಿಮ್ಮ ಕೀಲಿ ಇಲ್ಲಿ" ಎಂದಿರಬೇಕಿತ್ತು.

ಇರಲಿಲ್ಲ. ನಲವತ್ತು ಅಕ್ಷರಗಳು ಇದ್ದವು. ನಿಜವಾದವು. ಆರ್ಚಿಯ ಬ್ಲಾಗಿನವು.

"ಅಯ್ಯೋ ದೇವರೇ," ಎಂದಳು ನೈರಿ.

ನಾಲ್ಕು ತಿಂಗಳ ಹಿಂದೆ ಮೂರನೆಯ ಪ್ರಯೋಗದಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದಳು: ಮಾದರಿ ಕೋಡ್ ಪ್ರಕಟಿಸುವ ಮುನ್ನ ಕೀಲಿ ತೆಗೆಯಲು ಮರೆಯಬೇಡಿ, ಎಂಥೆಂಥವರೋ ಎಡವಿದ್ದಾರೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ. 

ಸೋಮವಾರ ಬ್ಲಫ್‌ನಲ್ಲಿ ಆಲೂಗೆಡ್ಡೆ ಸುಲಿಯುವ ಸರದಿ ಮುಗಿಸಿ, ಟೀ ಬಿಡುವಿನಲ್ಲಿ ಅಡುಗೆಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಅದನ್ನು ಪ್ರಕಟಿಸಿದ್ದಳು. ಬೆಳಿಗ್ಗೆ ಹನ್ನೊಂದಕ್ಕೆ. ಮಧ್ಯಾಹ್ನ ಒಂದೂ ನಲವತ್ತಕ್ಕೆ ಮತ್ತೆ ನೋಡಿದಾಗ ಲೇಬಲ್ಲಿನ ಜಾಗದಲ್ಲಿ ತನ್ನ ಪ್ರಯೋಗ-7 ಹಾಗೇ ಉಳಿದಿದ್ದು ಕಂಡಿತ್ತು. ಅದನ್ನು "ನಿಮ್ಮ-ಹೆಸರು" ಎಂದು ತಿದ್ದಿದ್ದಳು. ಅದರ ಪಕ್ಕದ ಸಾಲಿನಲ್ಲಿದ್ದ ಕೀಲಿ ಕಣ್ಣಿಗೆ ಬಿದ್ದಿರಲಿಲ್ಲ. ಪಕ್ಕದಲ್ಲಿ ಚಿಕ್ಕಮ್ಮ ನಿಂತು, ಕ್ಯಾರೆಟ್ಟಿಗೆ ಯಾರು ಕೈ ಹಾಕ್ತೀರಿ ಎಂದು ಕೂಗುತ್ತಿದ್ದರು.

ಆ ಎಡವಟ್ಟಿನಿಂದ ಒಂದು ಉಪಕಾರವೂ ಆಗಿತ್ತು. ಪ್ರಯೋಗ-7 ಎಂಬ ಲೇಬಲ್ ಆ ಪುಟದಲ್ಲಿ ಇದ್ದದ್ದು ಸೋಮವಾರ ಹನ್ನೊಂದರಿಂದ ಒಂದೂ ನಲವತ್ತರವರೆಗೆ ಮಾತ್ರ. ಸುಳ್ಳು ಪೋಸ್ಟ್ ಹಾಕಿದವರು ಆ ಎರಡು ಗಂಟೆ ನಲವತ್ತು ನಿಮಿಷದೊಳಗೆ ಕೋಡ್ ನಕಲು ಮಾಡಿಕೊಂಡಿರಬೇಕು.

ಅವಳು ಫೋನೆತ್ತಿ ಡಿಟೆಕ್ಟಿವ್ ಸಾರ್ಜೆಂಟ್ ಲೂಪೆಗೆ ಕರೆ ಮಾಡಿದಳು. ಶಾಲೆಯ ನೆಟ್‌ಬಾಲ್ ತಂಡದಲ್ಲಿ ಇಬ್ಬರೂ ಒಟ್ಟಿಗೆ ಆಡಿದವರು. ಸಮೋವಾ ಮೂಲದ ಲೂಪೆ ಆಗಲೂ ಡಿಫೆನ್ಸ್, ಈಗಲೂ ಡಿಫೆನ್ಸ್. ಅವಳನ್ನು ದಾಟಿ ಚೆಂಡು ಹಾಕುವುದು ಸುಲಭವಲ್ಲ.

"ಲೂಪೆ, ಮಂಗಳವಾರದ ಪೋಸ್ಟು ಆರ್ಚಿ ಹಾಕಿದ್ದಲ್ಲ."

"ಊಟ ಮಾಡ್ತಿದೀನಿ ಕಣೇ."

"ಮಾಡು. ಕಿವಿ ಖಾಲಿ ಇದೆಯಲ್ಲ."

ನೈರಿ ಎಲ್ಲವನ್ನೂ ಹೇಳಿದಳು. ಒತ್ತಡ, ಲೇಬಲ್, ಕೀಲಿ. ಕೀಲಿಯ ಮಾತು ಬಂದಾಗ ಧ್ವನಿ ತಾನಾಗಿಯೇ ಸಣ್ಣದಾಯಿತು. ಆ ಕಡೆ ಕಾಗದ ತಿರುವಿದ ಸದ್ದು.

"ಹೌದು, ನಮ್ ಪ್ರಿಂಟಲ್ಲೂ 1013 ಅಂತಾನೇ ಇದೆ," ಎಂದಳು ಲೂಪೆ. "ಮುದುಕನ ಯಂತ್ರ ಕೆಟ್ಟಿತ್ತು ಅಂತ ಯಾರಾದ್ರೂ ಅಂದ್ರೆ ನಿನ್ನ ವಾದ ಮುಗೀತು. ಇನ್ನು ಕೀಲಿ. ಅಂದ್ರೆ ಆ ಪುಟ ನೋಡಿದೋರು ಯಾರು ಬೇಕಾದ್ರೂ ಪೋಸ್ಟ್ ಹಾಕಿರ್ಬಹುದು?"

"ಹೂಂ."

"ನೀನೂ ಹಾಕಿರ್ಬಹುದು."

"ನಮ್ಮಣ್ಣನ ಕುತ್ತಿಗೆಗೆ ನಾನೇ ಹಗ್ಗ ಹಾಕ್ತೀನಾ?"

"ಹಾಕಲ್ಲ. ಆದ್ರೆ ಇವತ್ತು ಮಧ್ಯಾಹ್ನ ಕ್ಯಾರವಾನಲ್ಲಿ ಕೂತ್ಕೊಂಡು ಆ ಲೇಬಲ್ ಬದಲಾಯಿಸಿ, ಶೆಡ್ಡಿನ ಅಂಕಿ ಬದಲಾಯಿಸಿ, ನಿಜವಾದ ಪೋಸ್ಟನ್ನ ಸುಳ್ಳು ಅನ್ನೋ ಹಾಗೆ ಮಾಡಿರ್ಬಹುದು. ಟೂಲ್ ನಿಂದು, ಕೀಲಿ ನಿಂದು, ಅಣ್ಣ ನಿನ್ನವನು. ಜಡ್ಜು ಏನಂತಾರೆ?"

ನೈರಿಗೆ ಅಳು ಬರುವಷ್ಟು ಸಿಟ್ಟು ಬಂತು, ಲೂಪೆಯ ಮೇಲಲ್ಲ, ಅವಳ ಮಾತು ಸರಿಯಿದೆಯಲ್ಲ ಎಂದು.

"ಕಳಿಸಿದೋರ ಬಾಯಿಂದ ಬರ್ಲಿ, ನೈರಿ. ಆಗ ನಾನೇ ಮೊದಲು ಓಡಿ ಬರ್ತೀನಿ. ಮತ್ತೆ ಆ ಪುಟ ಮುಟ್ಬೇಡ, ಕೀಲಿ ಅಳಿಸ್ಬೇಡ. ಅದೀಗ ಸಾಕ್ಷಿ."

"ಇಡೀ ಪ್ರಪಂಚಕ್ಕೆ ಕಾಣೋ ಹಾಗೆ ಬಿಟ್ಟಿರ್ಲಾ?"

"ಪ್ರಪಂಚ ಅಂದ್ರೆ ಹನ್ನೊಂದು ಜನ ತಾನೆ?" ಎಂದು ಲೂಪೆ ಫೋನಿಟ್ಟಳು.

ಹಾಗೆ ಅಣಕಿಸಿದ್ದರಿಂದಲೇ ನೈರಿಗೆ ದಾರಿ ಹೊಳೆಯಿತು. ಓದುಗರು ಕಡಿಮೆಯಿದ್ದರೆ ಹುಡುಕುವುದೂ ಕಡಿಮೆ. ಯಾರು ಯಾವಾಗ ಯಾವ ಪುಟ ನೋಡಿದರು ಎಂಬ ದಾಖಲೆ ಸರ್ವರಿನಲ್ಲಿರುತ್ತದೆ. ಹೆಸರಿರುವುದಿಲ್ಲ, ಯಾವ ಬಗೆಯ ಯಂತ್ರದಿಂದ ಎಂದಿರುತ್ತದೆ.

ಸೋಮವಾರ ಹನ್ನೊಂದರಿಂದ ಒಂದೂ ನಲವತ್ತು. ಮೂರೇ ಭೇಟಿಗಳು.

ಒಂದು, ಬ್ಲಫ್‌ನಿಂದ ಅವಳೇ. ಇನ್ನೊಂದು, ಎಲ್ಲರ ಪುಟಗಳನ್ನೂ ಮೂಸಿಕೊಂಡು ಹೋಗುವ ಸರ್ಚ್ ಎಂಜಿನ್ನಿನ ರೋಬಾಟ್. ಮೂರನೆಯದು ಹನ್ನೊಂದೂ ಮುಕ್ಕಾಲಿಗೆ, ಟಿವಿಯ ಹಿಂದೆ ಸಿಕ್ಕಿಸುವ ಒಂದು ಅಗ್ಗದ ಪೆಟ್ಟಿಗೆಯಿಂದ.

ಟಿವಿಯಲ್ಲಿ ಜನ ರಗ್ಬಿ ನೋಡುತ್ತಾರೆ. ಕೋಡ್ ಇರುವ ಪುಟವನ್ನು ಟಿವಿಯಲ್ಲಿ ತೆರೆದು ಓದುವವನು ಎಂಥವನು? ಅಂಥವನೊಬ್ಬನನ್ನು ನೈರಿ ಬಲ್ಲಳು. ಅವಳ ಬ್ಲಾಗಿನ ಕೆಳಗೆ "ಇದರಿಂದ ಉಬ್ಬರ ಇಳಿತದ ಹೊತ್ತು ತೋರಿಸಬಹುದಾ?" ಎಂದು ಎರಡು ಸಲ ಕೇಳಿದ್ದವನು. ಅಂಗಡಿಯ ಗೋಡೆಗೆ ಟಿವಿ ಹಾಕಿ, ಪೈ ತಿನ್ನಲು ಬಂದ ಮೀನುಗಾರರಿಗೆ ಸಮುದ್ರದ ಸುದ್ದಿ ತೋರಿಸುವ ಹುಚ್ಚಿನವನು.

ಅವಳು ಜಾಕೆಟ್ಟು ಹಾಕಿಕೊಂಡು ಇಳಿಜಾರಿನ ರಸ್ತೆಯಲ್ಲಿ ನಡೆದೇಬಿಟ್ಟಳು.

ಮರ್ವ್ ಟಲ್ಲಕ್‌ನ ಪೈ ಅಂಗಡಿಯಲ್ಲಿ ಮಧ್ಯಾಹ್ನದ ಗಿರಾಕಿಗಳು ಮುಗಿದಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕು ಚೀಸ್ ರೋಲುಗಳು ಉಳಿದಿದ್ದವು. ಅರುವತ್ತೈದರ ಮರ್ವ್, ಬೆಳಿಗ್ಗೆ ಐದಕ್ಕೆ ಒಲೆ ಹಚ್ಚುವ ಮನುಷ್ಯ, ಆಗಲೇ ಒರೆಸಿದ ಮೇಜನ್ನು ಮತ್ತೆ ಒರೆಸುತ್ತಿದ್ದ. ನೈರಿಯ ಅಪ್ಪ ಸತ್ತ ವರ್ಷ ಆರು ತಿಂಗಳು ಆ ಮನೆಗೆ ಶುಕ್ರವಾರದ ಪೈ ಕಳಿಸಿದವನು ಇದೇ ಮರ್ವ್. ಅವನನ್ನು ಅನುಮಾನಿಸುವುದು ಅವಳಿಗೆ ಬಾಯಿಗೆ ಬೂದಿ ಹಾಕಿಕೊಂಡ ಹಾಗಿತ್ತು.

ಗೋಡೆಯ ಟಿವಿ ಕಪ್ಪಗಿತ್ತು. ಅದರ ತಂತಿ ಕಿತ್ತು, ನೀಟಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿತ್ತು.

"ಬಾ ಹುಡುಗಿ. ತಿಂದ್ಯಾ ಏನಾದ್ರೂ? ಮುಖ ನೋಡು, ಒಣಗಿದ ಮೀನಾಗಿದೆ," ಎಂದ ಮರ್ವ್. ಕೇಳುವ ಮೊದಲೇ ಎರಡು ಚೀಸ್ ರೋಲ್ ಬಿಸಿಗಿಟ್ಟ.

"ಟಿವಿಗೇನಾಯ್ತು ಮರ್ವ್ ಅಂಕಲ್?"

"ಕೆಟ್ಟೋಯ್ತು."

"ಯಾವಾಗ?"

"ನಿನ್ನೆ. ನಿನ್ನೆ ಮಧ್ಯಾಹ್ನ. ಗಾಳಿಗೆ ಕರೆಂಟು ಹೆಚ್ಚು ಕಮ್ಮಿ ಆಯ್ತು ನೋಡು."

"ಆರ್ಚಿ ಹೆಣ ಸಿಕ್ಕಿದ ಮೇಲಾ, ಮೊದಲಾ?"

ಮರ್ವನ ಕೈಯಲ್ಲಿದ್ದ ಬಟ್ಟೆ ನಿಂತಿತು. "ಅದಕ್ಕೂ ಇದಕ್ಕೂ ಏನು ಸಂಬಂಧ? ನಾನ್ಯಾಕೆ ಆರ್ಚಿ ಬ್ಲಾಗ್ ಮುಟ್ಲಿ?"

"ಬ್ಲಾಗ್ ಅಂತ ನಾನು ಅಂದ್ನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಮರ್ವ್‌ಗೂ ಅದು ಗೊತ್ತಾಯಿತು. ಕೊಳಾಯಿ ತಿರುಗಿಸಿದ, ನಿಲ್ಲಿಸಿದ.

"ನೋಡು, ನಂಗೆ ಈ ಕೋಡು ಗೀಡು ಎಲ್ಲಾ ತಿಳಿಯಲ್ಲ."

"ತಿಳಿಯಲ್ಲ ಅಂತಾನೇ ನಕಲು ಮಾಡ್ಕೊಂಡ್ರಿ. ಸೋಮವಾರ ಹನ್ನೊಂದೂ ಮುಕ್ಕಾಲಿಗೆ ಟಿವಿಲಿ ನನ್ನ ಪುಟ ತೆಗ್ದಿದೀರ. ಕೋಡನ್ನ ಟಿವಿಲಿ ಓದೋರು ಈ ದ್ವೀಪದಲ್ಲಿ ನೀವೊಬ್ರೇ ಅಂಕಲ್."

"ಟಿವಿ ಯಾರ ಮನೇಲಿಲ್ಲ?"

"ಸರಿ ಹಾಗಾದ್ರೆ. ತಂತಿ ಹಾಕಿ. ಆ ಪೆಟ್ಟಿಗೇಲಿ ನನ್ನ ಇಪ್ಪತ್ತು ಸಾಲು ಇಲ್ಲ ಅಂದ್ರೆ ಇಲ್ಲೇ ಮಂಡಿಯೂರಿ ಕ್ಷಮೆ ಕೇಳ್ತೀನಿ."

ಮರ್ವ್ ತಂತಿ ಹಾಕಲಿಲ್ಲ.

ಒಲೆಯೊಳಗೆ ಚೀಸ್ ಸೀದ ವಾಸನೆ ಬರತೊಡಗಿತು. ಈ ಮನುಷ್ಯ ಜನ್ಮದಲ್ಲಿ ಒಂದು ರೋಲ್ ಸೀಯಿಸಿದವನಲ್ಲ. ನೈರಿಯೇ ಕೌಂಟರಿನ ಹಿಂದೆ ಹೋಗಿ ಒಲೆ ಆರಿಸಿದಳು.

"ನಾಳೆ ಹತ್ತು ಗಂಟೆಗೆ ನಮ್ಮಣ್ಣನ್ನ ಕೊಲೆಗಾರ ಅಂತ ಕೋರ್ಟಲ್ಲಿ ನಿಲ್ಲಿಸ್ತಾರೆ," ಎಂದಳು. ಈ ಸಲ ಧ್ವನಿಯಲ್ಲಿ ಚುಚ್ಚು ಇರಲಿಲ್ಲ. "ಆ ಆರು ಐವತ್ತೆರಡರ ಪೋಸ್ಟ್ ಒಂದೇ ಅವನನ್ನ ಹಿಡಿದಿಟ್ಟಿರೋದು. ಬೇರೇನೂ ಇಲ್ಲ. ನಿಮಗೆ ಗೊತ್ತು."

"ಗೊತ್ತು," ಎಂದ ಮರ್ವ್. ಬಾಗಿಲ ಬಳಿ ಹೋಗಿ 'ಮುಚ್ಚಿದೆ' ಹಲಗೆ ತಿರುಗಿಸಿ ಬಂದು ಕೂತ. "ನಿನ್ನೆಯಿಂದ ಒಂದು ತುತ್ತು ಒಳಗೆ ಹೋಗಿಲ್ಲ ನಂಗೆ."

"ಹೇಳಿ."

"ಉಬ್ಬರದ ಹೊತ್ತು ತೋರ್ಸೋಣ ಅಂತ ಮಾಡಿದ್ದಮ್ಮ ನಾನು. ನೀನು ಬರೆದಿದ್ದನ್ನ ಹಾಗೇ ಇಳಿಸ್ಕೊಂಡೆ. ಕೆಳಗಡೆ ಒಂದು ಸಾಲಲ್ಲಿ ನಿಮಗೆ ಬೇಕಾದ್ದು ಬರೀರಿ ಅಂತಿತ್ತು. 'ಚೀಸ್ ರೋಲ್ ಬಿಸಿ ಬಿಸಿ' ಅಂತ ಬರೆದು ಒತ್ತಿದೆ. ನನ್ನ ಟಿವಿಲಿ ಬರುತ್ತೆ ಅಂದ್ಕೊಂಡೆ. ಬರಲಿಲ್ಲ. ಆಮೇಲೆ ನೋಡಿದ್ರೆ ಆರ್ಚಿ ಬ್ಲಾಗಲ್ಲಿ ಕೂತಿದೆ!"

ಇಷ್ಟು ಸಂಕಟದಲ್ಲೂ ನೈರಿಗೆ ನಗು ಬಂತು. ಮರ್ವ್‌ಗೂ ಬರುವುದರಲ್ಲಿತ್ತು, ತಡೆದುಕೊಂಡ.

"ಮುದುಕ ನೋಡಿದ್ರೆ ಚರ್ಮ ಸುಲೀತಿದ್ದ. ಅಳಿಸೋದು ಹೇಗೆ ಅಂತಾನೂ ನೀನೇ ಬರೆದಿದ್ದೆ, ಪುಣ್ಯಾತ್ಗಿತ್ತಿ. ಹತ್ತೇ ನಿಮಿಷದಲ್ಲಿ ಅಳಿಸಿದೆ. ನಿಂಗೆ ಫೋನ್ ಮಾಡಿದೆ, ಹೀಗಾಗಿದೆ ಸರಿಮಾಡು ಅನ್ನೋಕೆ. ಎತ್ತಲಿಲ್ಲ."

"ಸಾವಿನ ಮನೇಲಿ ಫೋನ್ ಆಫ್ ಮಾಡಿಟ್ಟಿದ್ದೆ."

"ಅದೇ. ಇನ್ನೇನು ಮಾಡ್ಲಿ, ಬೇರೆಯೋರಿಗೆ ಹೇಳಿ ಸುಮ್ಮನಾದೆ."

"ಮಂಗಳವಾರದ್ದು?"

ಮರ್ವ್ ಅಂಗೈಗಳನ್ನು ಮೇಜಿನ ಮೇಲಿಟ್ಟು ಅವನ್ನೇ ನೋಡಿದ. ಹಿಟ್ಟು ಉಗುರ ಸಂದಿಯಲ್ಲಿ ಕೂತು ಗಟ್ಟಿಯಾಗಿತ್ತು.

"ನಾನೇ ಹಾಕಿದ್ದು. ಪೈ ಒಲೆಗಿಟ್ಟು, ಆರು ಐವತ್ತೆರಡಕ್ಕೆ. ಕೊನೇ ಸಾಲು ಬದಲಾಯಿಸಿದೆ, ಮಿಕ್ಕಿದ್ದು ಹಾಗೇ ಬಿಟ್ಟೆ."

ನೈರಿಯ ಎದೆಯಿಂದ ಒಂದು ಬಂಡೆ ಉರುಳಿಹೋಯಿತು. ಮುಗಿಯಿತು. ಮುದುಕ ಮಂಗಳವಾರ ಏನನ್ನೂ ಬರೆದಿಲ್ಲ. ಅಣ್ಣ ನಾಳೆ ಮನೆಯಲ್ಲಿರುತ್ತಾನೆ, ಅಮ್ಮ ಅವನಿಗೆ ಬೈಯುತ್ತಾ ಬಡಿಸುತ್ತಾಳೆ. ಅವಳು ಮರ್ವನ ಹಿಟ್ಟಿನ ಕೈಯನ್ನು ಹಿಡಿದು ಅಲುಗಿಸಿದಳು.

"ಯಾಕೆ ಅಂಕಲ್? ನಿಮಗೇನು ಬಂದಿತ್ತು?"

"ಹಾಕು ಅಂದ್ರು, ಹಾಕಿದೆ. ಆರ್ಚಿಗೆ ಕೈನೋವು, ಬರೆಯೋಕಾಗಲ್ಲ ಅಂದ್ರು. ಒಂದಿನ ಸಾಲು ಬರದಿದ್ರೆ ಊರವರೆಲ್ಲ ಮುದುಕನ ಬಾಗಿಲು ಬಡೀತಾರಲ್ಲ. ಉಪಕಾರ ಅಂದ್ಕೊಂಡೆ. ಮಧ್ಯಾಹ್ನ ಹೆಣ ಸಿಕ್ತು ಅಂದಾಗ ಟಿವಿ ತಂತಿ ಕಿತ್ತಿಟ್ಟೆ."

"ಯಾರು ಅಂದ್ರು?"

"ಅದೊಂದು ಕೇಳ್ಬೇಡ."

"ಅದೊಂದೇ ಕೇಳೋದು. ಸೋಮವಾರಾನೇ ಆರ್ಚಿ ಸತ್ತಿದ್ದ, ಅದು ಗೊತ್ತಿದ್ದೋರೇ ನಿಮ್ಮ ಕೈಲಿ ಇದನ್ನ ಹಾಕ್ಸಿದಾರೆ. ಕೊಂದೋರು ಅವರೇ ಅಂಕಲ್! ಅವರನ್ನ ಕಾಪಾಡ್ತೀರಾ?"

"ಹುಡುಗೀ, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಮನೆಗೆ ಹೋಗು."

ನೈರಿ ಫೋನು ತೆಗೆದು ಲೂಪೆಯ ನಂಬರ್ ಒತ್ತಿದಳು. ಸ್ಪೀಕರ್ ಹಾಕಿ ಮೇಜಿನ ನಡುವೆ, ಸಾಸ್ ಬಾಟಲಿಗೆ ಒರಗಿಸಿಟ್ಟಳು.

"ಲೂಪೆ, ಮರ್ವ್ ಅಂಕಲ್ ಅಂಗಡೀಲಿದೀನಿ. ಮಂಗಳವಾರದ ಪೋಸ್ಟ್ ಹಾಕಿದ್ದು ಇವರು. ಒಪ್ಕೊಂಡಿದಾರೆ."

"ಮರ್ವ್, ನಿಜಾನಾ?" ಲೂಪೆಯ ಧ್ವನಿಯಲ್ಲಿ ಊಟದ ಹೊತ್ತಿನ ಸೋಮಾರಿತನ ಇರಲಿಲ್ಲ.

"ನಿಜ," ಎಂದ ಮರ್ವ್. "ನಾನೇ ಹಾಕಿದ್ದು. ನಾನು ಯಾರನ್ನೂ ಕೊಂದಿಲ್ಲಮ್ಮ."

"ಯಾರು ಹೇಳಿ ಹಾಕ್ಸಿದ್ದು?"

ಮರ್ವ್ ನೈರಿಯ ಕಡೆ ನೋಡಿದ. ಅವನ ನೋಟದಲ್ಲಿ ಭಯ ಕಡಿಮೆಯಿತ್ತು, ಕನಿಕರ ಹೆಚ್ಚಿತ್ತು. "ಫೋನ್ ಆಫ್ ಮಾಡು," ಎಂದು ತುಟಿಯಲ್ಲೇ ಹೇಳಿದ.

"ಮಾಡಲ್ಲ," ಎಂದಳು ನೈರಿ ಗಟ್ಟಿಯಾಗಿ. "ಅವಳೂ ಕೇಳಿಸ್ಕೊಳ್ಳಿ."

ಮರ್ವ್ ಏಪ್ರನ್ನಿನ ಜೇಬಿನಿಂದ ತನ್ನ ಫೋನು ತೆಗೆದ. ಸೋಮವಾರದ ಮೆಸೇಜು ತೆರೆದು, ಮೇಜಿನ ಮೇಲೆ ಅವಳ ಕಡೆಗೆ ಸರಿಸಿ, ಮುಖ ತಿರುಗಿಸಿಕೊಂಡ.

ಮೊದಲು ಮರ್ವ್ ಮಧ್ಯಾಹ್ನ ಬರೆದದ್ದಿತ್ತು: "ತಪ್ಪಾಗಿ ಆರ್ಚಿ ಬ್ಲಾಗಲ್ಲಿ ನನ್ನ ಚೀಸ್ ರೋಲ್ ಬಂತು ಮಾರಾಯ. ನಿನ್ನ ತಂಗಿಗೆ ಹೇಳು, ಅವಳ ಕೀಲಿ ಬಯಲಲ್ಲಿ ಬಿದ್ದಿದೆ."

ನಿನ್ನ ತಂಗಿಗೆ.

ಅದರ ಕೆಳಗೆ ಉತ್ತರ. ಸೋಮವಾರ ಸಂಜೆ ಐದು ಇಪ್ಪತ್ತು.

"ನಾಳೆ ಬೆಳಿಗ್ಗೆ ಏಳರೊಳಗೆ ಇದನ್ನ ಹಾಕಿಬಿಡು ಮರ್ವ್, ಮುದುಕನಿಗೆ ಕೈನೋವು. ನೀರುಕಾಗೆಗಳು ಎಂಟು. ಮಂಡಿನೋವು ಹಾಗೇ ಇದೆ. ನೈರಿಗೆ ಹೇಳ್ಬೇಡ."

ಮೇಲೆ ರಾವಿರಿಯ ಹೆಸರಿತ್ತು. ಅವಳಿಗೆ ಬಾಯಿಪಾಠವಾದ ನಂಬರಿತ್ತು.

ಐದು ಇಪ್ಪತ್ತಕ್ಕೆ ಅವನು ಬ್ಲಫ್‌ನಲ್ಲಿ ಅವಳ ಪಕ್ಕದಲ್ಲೇ ನಿಂತಿದ್ದ. ಇಬ್ಬರೂ ತಟ್ಟೆ ಒರೆಸುತ್ತಿದ್ದರು. ಅವನು ಕೈ ಒರೆಸಿಕೊಂಡು ಫೋನು ತೆಗೆದಾಗ, ಯಾರಿಗೋ ಅದು, ಎಂದು ಕೇಳಿದ್ದಳು. ಮರ್ವ್‌ಗೆ, ನಾಳೆಗೆ ಪೈ ಎತ್ತಿಡೋಕೆ ಹೇಳ್ತಿದೀನಿ, ಎಂದಿದ್ದ. ಅವಳ ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿ ನಕ್ಕಿದ್ದ.

ರಾವಿರಿ ಕೊಂದಿಲ್ಲ. ಮೂರು ಗಂಟೆ ದಾರಿಯಾಚೆ ತಟ್ಟೆ ಒರೆಸುತ್ತಿದ್ದವನು ಯಾರನ್ನೂ ಕೊಂದಿರಲಾರ. ಆದರೆ ಮಂಗಳವಾರ ಬೆಳಿಗ್ಗೆ ಆರ್ಚಿ ಏನನ್ನೂ ಬರೆಯುವುದಿಲ್ಲವೆಂದು ಸೋಮವಾರ ಸಂಜೆಯೇ ಅವನಿಗೆ ಗೊತ್ತಿತ್ತು. ಯಾರೋ ಅವನಿಗೆ ಹೇಳಿದ್ದರು. ಆ ಯಾರನ್ನೋ ಉಳಿಸಲು ಸಾವಿನ ದಿನ ಸೋಮವಾರವಲ್ಲ ಎನಿಸಿ, ಮಂಗಳವಾರವನ್ನು ತಾನೇ ತಲೆಯ ಮೇಲೆ ಹೊತ್ತುಕೊಂಡು, ಈಗ ಬಾಯಿ ಮುಚ್ಚಿ ಕೂತಿದ್ದಾನೆ.

ಅವಳು ಈಗ ಈ ಹೆಸರು ಓದಿ ಹೇಳಿದರೆ ಕೊಲೆಯನ್ನು ಮುಚ್ಚಿಟ್ಟವನು ಅಣ್ಣ. ಹೇಳದಿದ್ದರೆ ಮರ್ವನ ಮಾತು ಅರ್ಧಕ್ಕೇ ನಿಂತು, ಕೋರ್ಟಿನ ಕಣ್ಣಿಗೆ ಕೊಲೆ ಮಾಡಿದವನೇ ಅಣ್ಣ.

"ನೈರಿ?" ಸಾಸ್ ಬಾಟಲಿಗೆ ಒರಗಿದ ಫೋನಿನಿಂದ ಲೂಪೆ ಕೇಳಿದಳು. "ಯಾರ ಹೆಸರಿದೆ ಕಣೇ? ಓದು."